ಬೆಲ್ಲ ಹಾಕದ ಪಲ್ಯ

ಹಾಗಲಕಾಯಿ ಹುರಿಯುವ ವಾಸನೆ ಬಂದರೆ ಇವತ್ತಿಗೂ ನಾನು ಪಣಕಹಳ್ಳಿಯ ಅಜ್ಜಿಮನೆಯ ಆ ಮಧ್ಯಾಹ್ನದ ಪಂಕ್ತಿಯಲ್ಲಿ ಕೂತಿರುತ್ತೇನೆ.

ಚಿಕ್ಕಮ್ಮನನ್ನು ನೋಡಲು ಜೀರಹಳ್ಳಿಯಿಂದ ಗಂಡು ಬಂದಿದ್ದ. ಅಜ್ಜಿಗೆ ಗಂಡು ನೋಡುವುದೆಂದರೆ ಅವನ ಎಲೆ ನೋಡುವುದು. “ಆಗಲಕಾಯಿ ಉಣ್ಣೋನು ಎಡ್ತಿ ಮ್ಯಾಲ ರೇಗಲ್ಲ ಕಣವ್ವ,” ಎಂದು ಬೆಳಗ್ಗೆಯೇ ಚಿಕ್ಕಮ್ಮನಿಗೆ ಹೇಳಿ, ಬೆಲ್ಲ ಹಾಕದೆ ಪಲ್ಯ ಮಾಡಿಸಿದ್ದಳು.

ನನ್ನ ಪಕ್ಕ ಕೂತಿದ್ದ ಗಂಡು ಒಂದು ಹೋಳು ಬಾಯಿಗಿಟ್ಟ. ಕಣ್ಣಲ್ಲಿ ನೀರು ನಿಂತಿತು. ಅಜ್ಜಿ ಸಾರು ತರಲು ಒಳಗೆ ಹೋದಾಗ ಉಳಿದ ಪಲ್ಯವೆಲ್ಲ ಮೆಲ್ಲಗೆ ನನ್ನ ಎಲೆಗೆ ಬಂತು. ಬಿಸಿಲುಕೋಲಿನಲ್ಲಿ ಒಲೆಯ ಹೊಗೆ ತೇಲುತ್ತಿತ್ತು; ನಾನು ಅಗಿಯುತ್ತಲೇ ಇದ್ದೆ. ಬಾಗಿಲ ಸಂದಿಯಲ್ಲಿ ಚಿಕ್ಕಮ್ಮ ನಗು ತಡೆಯಲು ಸೆರಗನ್ನು ಬಾಯಿಗೊತ್ತಿಕೊಂಡಿದ್ದಳು.

ಗಂಡಿನ ಎಲೆ ಖಾಲಿಯಾದದ್ದು ಕಂಡು ಅಜ್ಜಿ ಹಿಗ್ಗಿದಳು. ಅವನು ಹೋದ ಮೇಲೆ ಕೇಳಿದಳು: “ಏನಂದೀಯವ್ವ, ಒಪ್ಗೆನಾ?”

“ಊಂ ಕಣವ್ವ,” ಎಂದ ಚಿಕ್ಕಮ್ಮ ನನ್ನ ಬಾಯಿಗೆ ದೊಡ್ಡದೊಂದು ಬೆಲ್ಲದ ಉಂಡೆ ತುರುಕಿದಳು.