ಹಳ್ಳಿ ಕೋಳಿಯ ಮೊಟ್ಟೆ

"ಇದು ಬೇಡ ಕಣೇ, ಹಳ್ಳಿ ಕೋಳಿ ಮೊಟ್ಟೆ ತಂದುಕೊಡು" ಎಂದು ಚಿತ್ರಗಾರ ವಾನ್ನಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದಾಗ ಹೆಂಡತಿ ತೆಸ್ಸಾಳಿಗೆ ಮೈ ಉರಿದುಹೋಯಿತು. ಮೂವತ್ತು ವರ್ಷ ಅವನ ಬಣ್ಣ ಕಲಸಲು ಮೊಟ್ಟೆ ಒಡೆದುಕೊಟ್ಟವಳಿಗೆ ಅಷ್ಟೂ ಗೊತ್ತಿಲ್ಲವೇ? ಸಿಯೆನಾ ಪೇಟೆಯ ಕೋಳಿ ಮೊಟ್ಟೆಯ ತಿಳಿಹಳದಿ ಭಂಡಾರ ಎಳೆಯ ಮುಖದ ಬಣ್ಣಕ್ಕೆ, ಹಳ್ಳಿಯದರ ಕೆಂಪುಹಳದಿ ಮುದಿಮುಖಕ್ಕೆ.

ಹಲಗೆಯ ಮೇಲಿನ ಚಿತ್ರದಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತಿದ್ದ ಸಂತ ಮಹಿಳೆಯ ಕೈಗಳಿಗೆ ಆಗಲೇ ಬಣ್ಣ ತುಂಬಿತ್ತು. ಹೆಬ್ಬೆರಳ ಮೇಲೆ ಹೆಬ್ಬೆರಳು ಒತ್ತಿ ಜೋಡಿಸಿದ ಆ ಕೈಗಳು, ಹೋದ ಚಳಿಗಾಲ ಜ್ವರದಲ್ಲಿ ತೀರಿಕೊಂಡ ಮಗಳು ನೆಲ್ಲಾಳವು.

"ಕೈ ನಮ್ಮ ಹುಡುಗೀದು, ಮುಖ ಮಾತ್ರ ಯಾವಳೋ ಮುದುಕೀದಾ? ಕರುಳು ಅನ್ನೋದು ಇದೆಯಾ ನಿಮಗೆ?"

ವಾನ್ನಿ ತಿರುಗಿ ನೋಡಲಿಲ್ಲ. "ಕನ್ಯಾಮಠದ ಅಮ್ಮನೋರು ಕೇಳಿರೋದು ವಯಸ್ಸಾದ ಸಂತ ಅನ್ನಮ್ಮನ್ನ. ಮುಖಾನೂ ನೆಲ್ಲಾದೇ. ಹದಿನಾರಕ್ಕೇ ಹೋಗ್ಬಿಟ್ಲಲ್ಲ... ಇಲ್ಲಾದ್ರೂ ಅರವತ್ತು ದಾಟಲಿ ಅಂತ."

ತೆಸ್ಸಾ ಬಗ್ಗಿ ನೋಡಿದಳು. ಬರೀ ಗೆರೆಯಲ್ಲಿ ಎಳೆದಿದ್ದ ಆ ಮುಖದಲ್ಲಿ, ಸುಕ್ಕುಗಳ ನಡುವೆ, ಅವೇ ಕಣ್ಣುಗಳಿದ್ದವು. ಆಮೇಲೆ ಮೊಟ್ಟೆಯ ಬುಟ್ಟಿ ಎತ್ತಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು.

"ನಮ್ಮ ತವರಿನ ಕಡೆಯೋರಿಗೆ ಕೂದಲು ಬೇಗ ನೆರೆಯುತ್ತೆ" ಎಂದಳು. "ಬಿಳಿ ಒಂಚೂರು ಜಾಸ್ತೀನೇ ಹಚ್ಚಿ."