ಬರ್ಮಾದಿಂದ ಬಂದ ದೇವರು

ಯುದ್ಧ ಮುಗಿಸಿ ಬರುವಾಗ ತಾತ ಬರ್ಮಾದಿಂದ ತಂದ ಆ ಮರದ ಮೂರ್ತಿ ಯಾವ ದೇವರದ್ದೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಸಿಂಹದ ಮುಖ, ಒಂದೇ ಒಂದು ಪಾದ. ತಲೆಯ ಮೇಲಿದ್ದ ತೂತಿಗೆ ಅಮ್ಮ ದಿನವೂ ಒಂದು ದಾಸವಾಳ ಸಿಗಿಸುತ್ತಿದ್ದಳು. ಅಪ್ಪ ಗುಡಿಯನ್ನೂ ಕಟ್ಟಿಸಿದ. ಬಾಗಿಲ ಮೇಲೆ ಬರೆಸಲು ದೇವರ ಹೆಸರು ಬೇಕಾದಾಗ, ಮ್ಯೂಸಿಯಂ ಕೆಲಸದಿಂದ ನಿವೃತ್ತರಾದ ಪಂಡಿತರೊಬ್ಬರನ್ನು ಕರೆಸಿದೆವು.

ಅವರು ಹೂವು ತೆಗೆದು ತೂತಿನೊಳಗೆ ಬೆರಳಾಡಿಸಿದರು. ಮೂರ್ತಿಯನ್ನು ತಲೆಕೆಳಗು ಮಾಡಿ ನೋಡಿದರು. ಅವರ ಮುಖ ಬಿಳಿಚಿಕೊಂಡಿತು.

“ಯಾವ ದೇವ್ರು ಸ್ವಾಮಿ?” ಅಪ್ಪ ಕೈಮುಗಿದುಕೊಂಡೇ ಕೇಳಿದ.

“ದೇವ್ರಲ್ಲ ಯಜಮಾನ್ರೇ, ಮೇಜಿನ ಕಾಲು. ಇದು ಸ್ಕ್ರೂ ಹಾಕೋ ತೂತು.”

ಅಮ್ಮನ ಕೈಯಿಂದ ಎಣ್ಣೆ ಬಟ್ಟಲು ಜಾರಿತು. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು.

“ಬಾಯಿಗೆ ಬಂದಂಗೆ ಮಾತಾಡ್ಬೇಡಿ! ಮೇಜಿನ ಕಾಲಾದ್ರೆ ಉಳಿದ ಮೂರು ಎಲ್ಲಿ ಹೋದ್ವು?”

ಪಂಡಿತರು ಅಲ್ಲೇ ನೆಲಕ್ಕೆ ಕುಸಿದು ಕುಳಿತರು.

“ನಮ್ಮ ತಾತನೂ ಬರ್ಮಾ ಯುದ್ಧಕ್ಕೆ ಹೋಗಿದ್ರು. ಉಳಿದ ಮೂರಕ್ಕೂ ಬ್ರಹ್ಮ, ವಿಷ್ಣು, ಮಹೇಶ್ವರ ಅಂತ ಇವತ್ತು ಬೆಳಿಗ್ಗೆನೂ ಮಂಗಳಾರತಿ ಮಾಡಿ ಬಂದಿದ್ದೀನಿ.”