ಬೆರಕಿ

ಹೆಂಡತಿ ಬೇರೆ ಜಾತಿಯವಳೆಂಬುದನ್ನು ಮುಚ್ಚಿಟ್ಟೇ ಪುಟ್ಟಮಾದಪ್ಪ ಮಗಳಿಗೆ ಗದಗಿನ ಕಡೆಯ ಸಂಬಂಧ ಕುದುರಿಸಿದ್ದ. ಹೆಣ್ಣು ನೋಡಲು ಬಂದ ವರನ ಅಜ್ಜಿ ಒಂದರ ಹಿಂದೊಂದು ಒಗಟು ಹಾಕಿದಳು. ಹುಡುಗಿ ಥಟ್ಟಂತ ಬಿಡಿಸಿದಳು. ಅಜ್ಜಿ ಅವಳನ್ನೇ ದಿಟ್ಟಿಸಿ ಅಂದಳು:

"ಅಯ್ಯ ನಮ್ಮವ್ವ, ಇದು ಭಾಳ ಬೆರಕಿ ಐತಿ!"

ಬೆರಕೆ! ಪುಟ್ಟಮಾದಪ್ಪನ ಸೀಮೆಯಲ್ಲಿ ಅದು ಎರಡು ಜಾತಿಗೆ ಹುಟ್ಟಿದವರನ್ನು ಹಳಿಯುವ ಮಾತು. ಅವನು ದಡಕ್ಕನೆ ಎದ್ದು ನಿಂತ.

"ಯಾರು ಹೇಳುದ್ರು ನಿಮ್ಗೆ?"

"ಹೇಳೂದೇನ್ರೀ? ಮಾರಿ ನೋಡಿದ್ರ ತಿಳೀತೈತಿ."

"ಹೌದು ಕಣ್ರಮ್ಮ, ಅವ್ಳ ತಾಯಿ ಬೇರೆ ಜಾತಿಯೋಳೇ. ಮುಚ್ಚಿಟ್ಟಿದ್ದು ನನ್ ತಪ್ಪು. ಆದ್ರೆ ನನ್ ಮಗ್ಳನ್ನ ಬೆರಕೆ ಅಂದ್ರೆ ಸುಮ್ನಿರಾಕಿಲ್ಲ!"

ಅಜ್ಜಿ ಮೆಲ್ಲಗೆ ಹೇಳಿದಳು:

"ನಮ್ಮ ಕಡೆ ಲಾವಣಿ ಪದದಾಗೂ ಜಾಣಿಗೆ ಬೆರಕಿ ಅಂತಾರ್ರೀ, ಬೀಗ್ರ."